ಚಂದಾ ಪಟ್ಟಿ ಇನ್ನು ಮುಂದೆ ವಿಭಾಗವಾರು: ಮೈಸೂರು, ಮಂಡ್ಯದ ಕಾಲೇಜು ಗ್ರಂಥಪಾಲಕರಿಗೆ ಪತ್ರ

ಮಾನ್ಯರೇ,

ನಮಸ್ಕಾರ. ದಸರಾ ಮುಗಿಯಿತು, ಇನ್ನು ಮುಂದಿನ ವರ್ಷದ ಚಂದಾ ಕೆಲಸ. ಹೆಚ್ಚಿನ ಜರ್ನಲ್‌ಗಳ ಚಂದಾ ವರ್ಷ ಜನವರಿಗೆ ಶುರುವಾಗುತ್ತದೆ. ನವೆಂಬರ್ ಒಳಗೆ ಆರ್ಡರ್ ಕೊಟ್ಟರೆ ಮೊದಲ ಸಂಚಿಕೆ ತಪ್ಪುವ ಭಯ ಇರುವುದಿಲ್ಲ.

ಈ ಸಲ ನಮ್ಮ ಚಂದಾ ಏಜೆನ್ಸಿಯ ಪಟ್ಟಿಯಲ್ಲಿ ಒಂದು ಬದಲಾವಣೆ ಮಾಡಿದ್ದೇವೆ. ಇಲ್ಲಿತನಕ ಎಲ್ಲ ಪತ್ರಿಕೆಗಳನ್ನೂ ಅಕ್ಷರ ಕ್ರಮದಲ್ಲಿ ಬರೆದು, ಕೆಳಗೆ ಒಟ್ಟು ಮೊತ್ತ ಹಾಕಿ ಕಳಿಸುತ್ತಿದ್ದೆವು. ಇನ್ನು ಮೇಲೆ ಕೊಟೇಶನ್ನೂ ಬಿಲ್ಲೂ ವಿಭಾಗವಾರು ಬರುತ್ತವೆ. ಮೊದಲ ಹಾಳೆ ‘ಎಲ್ಲರದ್ದು’, ಅಂದರೆ ಹಲವು ವಿಭಾಗದವರು ಓದುವ ಪತ್ರಿಕೆಗಳದ್ದು; ಆಮೇಲೆ ವಿಭಾಗಕ್ಕೊಂದು ಹಾಳೆ. ಹೋದ ವರ್ಷದ ದರ, ಈ ವರ್ಷದ ದರ, ಬರಬೇಕಿದ್ದ ಸಂಚಿಕೆ, ಬಂದ ಸಂಚಿಕೆ ಎಲ್ಲವೂ ಅದರಲ್ಲಿರುತ್ತದೆ.

ಯಾಕೆ ಅಂತ ಹೇಳಬೇಕು. ಹೋದ ವರ್ಷ ಒಂದು ಕಾಲೇಜಿನಲ್ಲಿ ಬಜೆಟ್ ಕಡಿಮೆಯಾಯಿತು. ನಮ್ಮ ಪಟ್ಟಿ ನೋಡಿದರೆ ಯಾವುದು ಯಾರಿಗೆ ಅಂತ ಗೊತ್ತಾಗುತ್ತಿರಲಿಲ್ಲ. ಕೈಗೆ ಸಿಕ್ಕ ಸಣ್ಣ ಪತ್ರಿಕೆಗಳಿಗೆಲ್ಲ ಕೆಂಪು ಗೆರೆ ಬಿತ್ತು. ಹೋದದ್ದು ಕನ್ನಡ ವಿಭಾಗದ ಐದು ಪತ್ರಿಕೆ. ಆಮೇಲೆ ನಾವು ಅಲ್ಲಿಗೆ ಹೋದಾಗ ಕನ್ನಡದ ರ‍್ಯಾಕ್‌ನಲ್ಲಿ ಹಳೆಯ ಸಂಚಿಕೆಗಳಷ್ಟೇ ಇದ್ದವು. ತುದಿ ಮಡಚಿ, ಪಿನ್ನು ಕಿತ್ತು ಬಂದಿತ್ತು. ಮಕ್ಕಳು ಅಷ್ಟು ಓದಿದ್ದರು. ಪಕ್ಕದ ರ‍್ಯಾಕ್‌ನಲ್ಲಿ ದುಬಾರಿ ಜರ್ನಲ್ ಒಂದು ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಕೂತಿತ್ತು. ತುಂಬ ಬೇಜಾರಾಯಿತು. ಪಟ್ಟಿ ಮಾಡಿಕೊಟ್ಟವರು ನಾವೇ ಅಲ್ವಾ?

ಹಾಗಂತ ಎಲ್ಲರಿಗೂ ಸಮನಾಗಿ ಹಂಚುವುದೂ ಸರಿಯಲ್ಲ. ಒಂದು ಲಕ್ಷ ರೂಪಾಯಿ, ಹತ್ತು ವಿಭಾಗ ಅಂತ ಇಟ್ಟುಕೊಳ್ಳಿ. ತಲಾ ಹತ್ತು ಸಾವಿರ. ಕನ್ನಡಕ್ಕೆ ಅದು ಧಾರಾಳ. ಡಾಲರ್ ಲೆಕ್ಕದಲ್ಲಿ ಚಂದಾ ಕಟ್ಟಬೇಕಾದ ರಸಾಯನಶಾಸ್ತ್ರಕ್ಕೆ ಒಂದು ವಿದೇಶಿ ಜರ್ನಲ್ಲೂ ಬರದೆ ಹೋಗಬಹುದು. ಬರೀ ಬೆಲೆ ನೋಡಿ ಹಂಚಿದರೆ ವಿಜ್ಞಾನ ವಿಭಾಗಗಳಿಗೇ ಮುಕ್ಕಾಲು ಪಾಲು ಹೋಗುತ್ತದೆ.

ಇನ್ನೊಂದು ತೊಡಕು ಇದೆ. ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ ಯಾರ ಲೆಕ್ಕಕ್ಕೆ? ಅರ್ಥಶಾಸ್ತ್ರದವರೂ ಓದುತ್ತಾರೆ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದವರೂ ಓದುತ್ತಾರೆ. ಭಾರತೀಯ ವಿಜ್ಞಾನ ಅಕಾಡೆಮಿ 1996ರಿಂದ ತರುತ್ತಿರುವ ವಿಜ್ಞಾನ ಮಾಸಿಕ ರೆಸೋನೆನ್ಸ್ ಬಿಎಸ್‌ಸಿಯ ಎಲ್ಲ ಮಕ್ಕಳಿಗೂ ಬೇಕು. ಇಂಥವನ್ನು ‘ಅವರು ತರಿಸಲಿ’ ಅಂತ ಪ್ರತಿಯೊಬ್ಬರೂ ಬಿಟ್ಟರೆ ಕೊನೆಗೆ ಯಾರೂ ತರಿಸುವುದಿಲ್ಲ. ಅದಕ್ಕೇ ಮೊದಲ ಹಾಳೆ. ಆ ದುಡ್ಡನ್ನು ಮೊದಲೇ ತೆಗೆದಿಟ್ಟು, ಉಳಿದದ್ದನ್ನು ಮಕ್ಕಳ ಸಂಖ್ಯೆ, ಆ ವಿಷಯದ ಜರ್ನಲ್‌ಗಳ ಬೆಲೆ, ಓದುವವರ ಲೆಕ್ಕ ಮೂರನ್ನೂ ನೋಡಿ ಹಂಚಿ.

ಓದುವವರ ಲೆಕ್ಕ ತೆಗೆಯುವುದು ಕಷ್ಟವಲ್ಲ. ಎರಡು ವಾರ, ಓದಿದ ಪತ್ರಿಕೆಯನ್ನು ಮೇಜಿನ ಮೇಲೇ ಬಿಡಲು ಹೇಳಿ. ಸಂಜೆ ಅಟೆಂಡರ್ ರ‍್ಯಾಕ್‌ಗೆ ಇಡುವ ಮುಂಚೆ ಹೆಸರಿನ ಎದುರು ಒಂದು ಗೀಟು ಹಾಕಲಿ. ಪರೀಕ್ಷೆಯ ದಿನಗಳಲ್ಲಿ ಮಾತ್ರ ಬೇಡ, ಲೆಕ್ಕ ತಪ್ಪುತ್ತದೆ.

ಸರ್ಕಾರಿ ಕಾಲೇಜಿನವರಿಗೆ ಒಂದು ಮಾತು. 2025ರ ಜನವರಿಯಿಂದ ಕೇಂದ್ರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಇ-ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗುತ್ತಿವೆ. ನಿಮಗೆ ಅದರಲ್ಲಿ ಸಿಗುವ ಜರ್ನಲ್‌ಗೆ ನಮ್ಮಲ್ಲಿ ಮತ್ತೆ ದುಡ್ಡು ಕಟ್ಟುವ ಮುಂಚೆ ಒಮ್ಮೆ ನೋಡಿಕೊಳ್ಳಿ. ನಮಗೆ ವ್ಯಾಪಾರ ಕಡಿಮೆಯಾದರೂ ಪರವಾಗಿಲ್ಲ. ಆ ದುಡ್ಡು ಕನ್ನಡಕ್ಕೋ ಇತಿಹಾಸಕ್ಕೋ ಆಗಲಿ.

ಹಾಳೆಗಳು ಈ ಪತ್ರದ ಜೊತೆಗಿವೆ. ವಿಭಾಗದ ಮುಖ್ಯಸ್ಥರಿಂದ ಸಹಿ ಮಾಡಿಸಿ ನವೆಂಬರ್ 15ರೊಳಗೆ ಕೊಡಿ. ಫೋನ್ ಮಾಡಿದರೆ ನಮ್ಮ ಹುಡುಗನೇ ಬಂದು ತೆಗೆದುಕೊಂಡು ಹೋಗುತ್ತಾನೆ. ಹಳೆಯ ಪಟ್ಟಿಯ ರೀತಿಯೇ ಬೇಕು ಅಂದರೆ ಅದನ್ನೂ ಕೊಡುತ್ತೇವೆ.

ವಿಶ್ವಾಸದಿಂದ,
ನಿಮ್ಮ ಚಂದಾ ಏಜೆನ್ಸಿಯ ಬಳಗ, ಮೈಸೂರು