ಹೊಸ ತಂತ್ರಾಂಶಕ್ಕೆ ವಿದ್ಯಾರ್ಥಿಗಳ ವಿವರ ಏರಿಸುವ ಮುನ್ನ

ಈ ಗುಂಪಿನಲ್ಲಿರುವ ಹಾಸನ ಜಿಲ್ಲೆಯ ಕಾಲೇಜುಗಳ ಕಚೇರಿ ಸಿಬ್ಬಂದಿಯವರಿಗೆಲ್ಲ ನಮಸ್ಕಾರ. ಹಳೇ ಎಕ್ಸೆಲ್ ಪಟ್ಟಿಯನ್ನು ದಯವಿಟ್ಟು ಹಾಗೇ ಏರಿಸಬೇಡಿ. ಮೊದಲು ಹತ್ತು ವಿದ್ಯಾರ್ಥಿಗಳದ್ದು ಮಾತ್ರ ಹಾಕಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎದುರಿಗಿಟ್ಟುಕೊಂಡು ತಾಳೆ ನೋಡಿ.

ಹೆಚ್ಚು ಕೆಡುವುದು ಸಂಖ್ಯೆಗಳೇ. ಎಬಿಸಿ ಐಡಿ (ವಿದ್ಯಾರ್ಥಿಯ ಕ್ರೆಡಿಟ್ ಖಾತೆಯ ಸಂಖ್ಯೆ) 12 ಅಂಕಿಯದು. ಎಕ್ಸೆಲ್ ಅದನ್ನು 1.23E+11 ಎಂಬಂತೆ ಕುಗ್ಗಿಸಿ ತೋರಿಸುತ್ತದೆ. ಅದೇ ಸ್ಥಿತಿಯಲ್ಲಿ ಸಿಎಸ್‌ವಿ (ಬರಿಯ ಪಠ್ಯದ ಪಟ್ಟಿ) ಕಡತವಾಗಿ ಸೇವ್ ಮಾಡಿದರೆ ಕೊನೆಯ ಅಂಕಿಗಳು ಹೋದಂತೆಯೇ. ಬ್ಯಾಂಕ್ ಖಾತೆ ಸಂಖ್ಯೆಯ ಮೊದಲ ಸೊನ್ನೆ ಮಾಯವಾಗುತ್ತದೆ, 15 ಅಂಕಿ ದಾಟಿದ ಮೇಲಿನವು ಸೊನ್ನೆಯಾಗುತ್ತವೆ. ಕಾಲಂ ಆಯ್ದು, ಫಾರ್ಮ್ಯಾಟ್ ಸೆಲ್ಸ್‌ನಲ್ಲಿ ‘ಟೆಕ್ಸ್ಟ್’ ಮಾಡಿಕೊಂಡೇ ಟೈಪ್ ಮಾಡಿ. ಆಮೇಲೆ ಬದಲಿಸಿದರೆ ಕಳೆದ ಅಂಕಿ ಮರಳಿ ಬರುವುದಿಲ್ಲ.

ಜನ್ಮದಿನಾಂಕದ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಅಂಟಿ ನಿಂತಿದ್ದರೆ ಅನುಮಾನಿಸಿ. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ 03-07-2006 ಎಂಬುದು ಜುಲೈ 3ರ ಬದಲು ಮಾರ್ಚ್ 7 ಆಗುತ್ತದೆ. 13ರಿಂದ ಮೇಲಿನ ತಾರೀಖುಗಳು ತಿಂಗಳಾಗಲು ಬಾರದೆ ಬರಿಯ ಅಕ್ಷರವಾಗಿ ಎಡಕ್ಕೆ ಉಳಿಯುತ್ತವೆ.

‘ನುಡಿ’ ತಂತ್ರಾಂಶದ ಹಳೇ ಫಾಂಟ್‌ನಲ್ಲಿರುವ ಹೆಸರುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಇಲ್ಲದಿದ್ದರೆ ಅರ್ಥವಾಗದ ಅಕ್ಷರ ಬರುತ್ತವೆ. ಪರಿವರ್ತಿಸಿದ ಮೇಲೂ ಒತ್ತಕ್ಷರ, ಅರ್ಕಾವತ್ತು ಕಣ್ಣಾರೆ ನೋಡಿ.

ಸಕಲೇಶಪುರ, ಆಲೂರು ಕಡೆಯವರು ಮಳೆಗಾಲದಲ್ಲಿ ಕರೆಂಟ್ ಹೋದರೂ ಕೆಲಸ ಉಳಿಯುವಂತೆ ಯುಪಿಎಸ್ ಇರುವ ಕಂಪ್ಯೂಟರಿನಲ್ಲೇ ಕೂರಿ, ಪುಟಪುಟಕ್ಕೂ ಸೇವ್ ಮಾಡಿ. ಶುಲ್ಕದ ಹಣ ಕಡಿತವಾಗಿ ರಸೀದಿ ಬಾರದಿದ್ದರೆ ಮಕ್ಕಳಿಂದ ಎರಡನೇ ಸಲ ಕಟ್ಟಿಸಬೇಡಿ. ಮೊದಲು ವಹಿವಾಟಿನ ಸಂಖ್ಯೆ ಹಾಕಿ ಸ್ಥಿತಿ ನೋಡಿ. ಪಾಸ್‌ವರ್ಡ್, ಒಟಿಪಿ, ಆಧಾರ್ ಪ್ರತಿ ಯಾವುದನ್ನೂ ಈ ಗುಂಪಿಗೆ ಹಾಕಬೇಡಿ.