ಕಟ್ಟುವ ಆಟಗಳಿಗೆ ಇನ್ನು ಗಂಟೆಯ ಲೆಕ್ಕವಿಲ್ಲ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳ ಮೊದಲ ದಿನದಿಂದ ನಮ್ಮ ಆಟದ ಕೇಂದ್ರದ ಕಿಟಕಿ ಬದಿಯ ನಾಲ್ಕು ಕಂಪ್ಯೂಟರ್‌ಗಳಿಗೆ ಗಂಟೆಯ ಬಾಡಿಗೆ ಇರುವುದಿಲ್ಲ. ಅವುಗಳಲ್ಲಿ ಐಲ್ಯಾಂಡರ್ಸ್, ಡಾರ್ಫ್‌ರೊಮ್ಯಾಂಟಿಕ್, ಟೌನ್‌ಸ್ಕೇಪರ್ ಎಂಬ, ಊರು ಕಟ್ಟುವ ಮೂರು ಆಟಗಳು ಮಾತ್ರ ಇರುತ್ತವೆ. ಮೊದಲೆರಡಕ್ಕೆ ಒಂದು ಆಟಕ್ಕೆ 40 ರೂಪಾಯಿ. ಇಪ್ಪತ್ತು ನಿಮಿಷಕ್ಕೆ ಮುಗಿದರೂ ಎರಡು ಗಂಟೆ ಹಿಡಿದರೂ ಅಷ್ಟೇ. ಟೌನ್‌ಸ್ಕೇಪರ್‌ನಲ್ಲಿ ಸೋಲೂ ಇಲ್ಲ, ಗೆಲುವೂ ಇಲ್ಲ, ಹಾಗಾಗಿ ಆಟ ಮುಗಿಯುವುದೂ ಇಲ್ಲ. ಅದಕ್ಕೆ ಬೆಳಗಿನ ಅಥವಾ ಸಂಜೆಯ ಒಂದು ಪಾಳಿಗೆ 60 ರೂಪಾಯಿ.

ಕಾರಣ ಆ ಆಟಗಳ ಒಳಗೇ ಇದೆ. ಐಲ್ಯಾಂಡರ್ಸ್ ಅನ್ನು 2019ರಲ್ಲಿ ಹೊರತಂದವರು ಬರ್ಲಿನ್‌ನಲ್ಲಿ ಓದುತ್ತಿದ್ದ ಮೂವರು ವಿದ್ಯಾರ್ಥಿಗಳು. ನಿಮ್ಮ ಮುಂದೆ ಒಂದು ಪುಟ್ಟ ದ್ವೀಪ, ಕೈಯಲ್ಲಿ ಕೆಲವು ಕಟ್ಟಡಗಳು. ತೆರಿಗೆಯಿಲ್ಲ, ಖಜಾನೆಯಿಲ್ಲ, ದಂಡೆತ್ತಿ ಬರುವ ಶತ್ರುವಿಲ್ಲ. ಯಾವ ಕಟ್ಟಡದ ನೆರೆಯಲ್ಲಿ ಏನಿದೆ ಎಂಬುದರ ಮೇಲೆ ಅಂಕ. ಮರ ಕಡಿಯುವವನ ಗುಡಿಸಲು ಮರಗಳ ನಡುವೆ ಇದ್ದರೆ ಅಂಕ ಏರುತ್ತದೆ, ಅಂಥದ್ದೇ ಇನ್ನೊಂದು ಗುಡಿಸಲು ಹತ್ತಿರವಿದ್ದರೆ ಇಳಿಯುತ್ತದೆ. ಇಷ್ಟನ್ನು ಕಲಿಯಲು ಐದು ನಿಮಿಷ ಸಾಕು. ಆದರೆ ಜಾಗ ತುಂಬುತ್ತಾ ಬಂದಾಗ ನೋಡಿ: ಮುಂದೆ ಸಿಗಬಹುದಾದ ಮರದ ಮಿಲ್ಲಿಗೆಂದು ಕಾಡಂಚಿನ ಬಯಲನ್ನು ಬಿಟ್ಟಿರಬೇಕೇ, ಈಗಲೇ ಮನೆಗಳನ್ನಿಟ್ಟು ಅಂಕ ಗಳಿಸಿಕೊಳ್ಳಬೇಕೇ? ಅಂಕ ಸೇರಿದಂತೆ ಹೊಸ ಕಟ್ಟಡಗಳು ಸಿಗುತ್ತವೆ, ಅಂಕ ಸಾಲದೆ ಕೈಯಲ್ಲಿರುವವು ಮುಗಿದರೆ ಆಟ ಅಲ್ಲಿಗೇ ಮುಗಿಯಿತು. ನಿಯಮ ಕಡಿಮೆಯಾದಷ್ಟೂ ಪ್ರತಿ ಆಯ್ಕೆಯ ತೂಕ ಹೆಚ್ಚುತ್ತದೆ ಎಂಬುದು ನಮ್ಮ ದೃಢ ಅಭಿಪ್ರಾಯ. ಇವನ್ನು ಮಕ್ಕಳ ಆಟವೆಂದು ಪಕ್ಕಕ್ಕಿಡುವುದನ್ನು ನಾವು ಒಪ್ಪುವುದಿಲ್ಲ.

2022ರಲ್ಲಿ ಪೂರ್ಣರೂಪ ಪಡೆದ ಡಾರ್ಫ್‌ರೊಮ್ಯಾಂಟಿಕ್‌ನಲ್ಲಿ ಆರು ಮೂಲೆಯ ಬಿಲ್ಲೆಗಳನ್ನು ಜೋಡಿಸುತ್ತಾ ಹೋಗಬೇಕು. ಕಾಡಿಗೆ ಕಾಡು, ಹೊಲಕ್ಕೆ ಹೊಲ, ಹೊಳೆಗೆ ಹೊಳೆ. ಆರೂ ಬದಿ ಹೊಂದಿದರೆ ಹೆಚ್ಚುವರಿ ಬಿಲ್ಲೆ ಸಿಗುತ್ತದೆ, ರಾಶಿ ಕರಗಿದರೆ ಆಟ ಮುಗಿಯುತ್ತದೆ. ಒಂದು ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಕೂರುವುದೇ ಇಲ್ಲಿನ ಸುಖ. ಯಾರೂ ಅವಸರ ಮಾಡುವುದಿಲ್ಲ. ಅಂಥ ಆಟಕ್ಕೆ ಹೊರಗಿನಿಂದ ಗಡಿಯಾರ ಕಟ್ಟಿದರೆ ಆಟಗಾರ ಯೋಚಿಸುವುದನ್ನು ಬಿಟ್ಟು ಸಿಕ್ಕಲ್ಲಿ ಬಿಲ್ಲೆ ಇಡುತ್ತಾನೆ. ಯೋಚನೆಯ ನಿಮಿಷಗಳಿಗೆ ಹಣ ಎಣಿಸಿಕೊಳ್ಳಲು ನಮಗೆ ಮನಸ್ಸಿಲ್ಲ. ಇದೇ ಆಟದ, ಮೇಜಿನ ಮೇಲೆ ಆಡುವ ರೂಪಕ್ಕೆ 2023ರಲ್ಲಿ ಜರ್ಮನಿಯ 'ವರ್ಷದ ಆಟ' ಪ್ರಶಸ್ತಿ ಬಂದಿದೆ. ಅದರ ಒಂದು ಪ್ರತಿ ನಮ್ಮ ಕಪಾಟಿನಲ್ಲಿದೆ. ಸರದಿಗೆ ಕಾಯುವವರು ಉಚಿತವಾಗಿ ಆಡಬಹುದು.

ಟೌನ್‌ಸ್ಕೇಪರ್ ಬಗ್ಗೆ ಒಂದು ಮಾತು. ಬಣ್ಣ ಆರಿಸಿ ನೀರಿನ ಮೇಲೆ ಒತ್ತುತ್ತಾ ಹೋದರೆ ಮನೆ ಏಳುತ್ತದೆ. ಕಮಾನು, ಮೆಟ್ಟಿಲು, ಹಿತ್ತಿಲು ಎಲ್ಲವೂ ಅಕ್ಕಪಕ್ಕದ ಮನೆಗಳಿಗೆ ತಕ್ಕಂತೆ ತಾವೇ ಮೂಡುತ್ತವೆ. ಇಂಗ್ಲಿಷ್ ಓದಲು ಬಾರದವರಿಗೂ ತೊಡಕಿಲ್ಲ. ಮಕ್ಕಳನ್ನು ಬಿಡಲು ಬಂದು ಹೊರಗೆ ಬೆಂಚಿನ ಮೇಲೆ ಕೂರುವ ಹಿರಿಯರು ದಯವಿಟ್ಟು ಒಳಗೆ ಬನ್ನಿ.

1991ರಿಂದ ಬೆಳೆಯುತ್ತಾ ಬಂದ, ಇಡೀ ಸಾಮ್ರಾಜ್ಯವನ್ನೇ ಕಟ್ಟಿ ಬೆಳೆಸುವ ಸಿವಿಲೈಸೇಷನ್ ಆಟಗಳ ಸರಣಿಯನ್ನು ನಾವು ಕೈಬಿಡುತ್ತಿಲ್ಲ. ಅದರ ವಿಸ್ತಾರದ ರುಚಿ ಹತ್ತಿದವರಿಗೆ ಬೇರೇನೂ ಸಾಟಿಯಾಗದು. ಹಿಂಬದಿಯ ಸಾಲಿನ ಕಂಪ್ಯೂಟರ್‌ಗಳಲ್ಲಿ ಅದು ಹಳೆಯ ದರಕ್ಕೇ ಸಿಗುತ್ತದೆ, ನೀವು ಉಳಿಸಿಟ್ಟ ಆಟಗಳೂ ಹಾಗೆಯೇ ಇರುತ್ತವೆ.

ಮುಂಗಡ ಹಣ ಕಟ್ಟಿದ ಗಂಟೆಯ ಕಾರ್ಡ್ ಇರುವವರು ಅದನ್ನು ಹಿಂಬದಿಯ ಸಾಲಿನಲ್ಲಿ ಬಳಸಬಹುದು. ಬೇಡವೆಂದರೆ ಕೌಂಟರಿನಲ್ಲಿ ಕೊಡಿ. ಉಳಿದ ಮೊತ್ತಕ್ಕೆ ಹೊಸ ಆಟದ ಚೀಟಿ ಕೊಡುತ್ತೇವೆ.

ಇಂತಿ,
ಕೇಂದ್ರದ ಪಾಲುದಾರರು