ಪಿಸ್ತೂಲಿಗೆ ಉಕ್ಕಿನ ಫ್ರೇಮೇ ಬೇಕೆಂಬ ಸಲಹೆ ಪೂರ್ತಿ ಸರಿಯಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಆತ್ಮರಕ್ಷಣೆಗೆಂದು ಪಿಸ್ತೂಲು ಇಟ್ಟುಕೊಳ್ಳುವ ಕನ್ನಡಿಗರ ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಲೇಖನದಲ್ಲಿ ‘ಅಲ್ಯೂಮಿನಿಯಂ ಫ್ರೇಮ್ ಬೇಗ ಸವೆಯುತ್ತದೆ, ಕೊಳ್ಳುವುದಾದರೆ ಉಕ್ಕಿನದನ್ನೇ ಕೊಳ್ಳಿ’ ಎಂಬ ಸಲಹೆಯಿತ್ತು. ಗುರಿ ಅಭ್ಯಾಸದ ಪಿಸ್ತೂಲಿಗೆ ಈ ಮಾತು ಒಪ್ಪುತ್ತದೆ. ದಿನವಿಡೀ ಸೊಂಟದಲ್ಲಿರಬೇಕಾದ ಪಿಸ್ತೂಲಿಗೆ ಒಪ್ಪುವುದಿಲ್ಲ. ಎಲ್ಲಿ ಸವೆಯುತ್ತದೆ, ಏಕೆ ಸವೆಯುತ್ತದೆ ಎಂಬುದನ್ನು ಬಿಟ್ಟು ಸಲಹೆ ಕೊಟ್ಟರೆ ಕೊಳ್ಳುವವರಿಗೆ ದಾರಿ ತಪ್ಪುತ್ತದೆ. ಅದಕ್ಕಾಗಿ ಈ ಪತ್ರ.

ಅಲ್ಯೂಮಿನಿಯಂ ಪಿಸ್ತೂಲು ಎಂದರೆ ಇಡೀ ಪಿಸ್ತೂಲು ಅಲ್ಯೂಮಿನಿಯಂ ಅಲ್ಲ. ಗುಂಡು ಸಿಡಿದಾಗಿನ ಒತ್ತಡ ತಡೆಯುವ ಬ್ಯಾರೆಲ್ ಮತ್ತು ಸ್ಲೈಡ್ (ಹಿಂದೆ ಮುಂದೆ ಜಾರುವ ಮೇಲ್ಭಾಗ) ಎರಡು ಬಗೆಯಲ್ಲೂ ಉಕ್ಕಿನವೇ. ಹಿಡಿ, ಟ್ರಿಗರ್, ತೋಟಾ ತುಂಬುವ ಮ್ಯಾಗಜಿನ್ ಕೂರುವ ಕೆಳಭಾಗ, ಅಂದರೆ ಫ್ರೇಮ್, ಮಾತ್ರ ಬೇರೆ ಲೋಹ. ಒಳ್ಳೆಯ ಫ್ರೇಮ್‌ಗಳಿಗೆ ಬಳಸುವುದು ವಿಮಾನದ ಬಿಡಿಭಾಗಗಳಿಗೂ ಬಳಸುವ 7075-ಟಿ6 ಮಿಶ್ರಲೋಹ. ಇದು ಹೊಸ ಪ್ರಯೋಗವೂ ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ 25 ಔನ್ಸ್, ಅಂದರೆ ಸುಮಾರು 710 ಗ್ರಾಂ ಮೀರದ ಪಿಸ್ತೂಲು ಬೇಕೆಂದಾಗ ಕೋಲ್ಟ್ ಕಂಪನಿ ಅಲ್ಯೂಮಿನಿಯಂ ಫ್ರೇಮಿನ ಕಮಾಂಡರ್ ಎಂಬ ಪಿಸ್ತೂಲು ಮಾಡಿತು. ಸೇನೆ ಅದನ್ನು ಆರಿಸಲಿಲ್ಲ, ಆದರೆ 1950ರಿಂದ ಜನ ಕೊಂಡರು. ಅದೇ ಸೇನೆ 1985ರಲ್ಲಿ ಆರಿಸಿದ ಬೆರೆಟ್ಟಾ ಎಂ9 ಪಿಸ್ತೂಲಿನ ಫ್ರೇಮ್ ಕೂಡ ಅಲ್ಯೂಮಿನಿಯಂದೇ. ಮೂರು ದಶಕಕ್ಕೂ ಹೆಚ್ಚು ಕಾಲ ಅದು ಸೈನಿಕರ ಸೊಂಟದಲ್ಲಿತ್ತು.

ತೂಕದ ಲೆಕ್ಕ ನೋಡೋಣ. ಉಕ್ಕಿನ ಸಾಂದ್ರತೆ ಘನ ಸೆಂ.ಮೀ.ಗೆ 7.8 ಗ್ರಾಂ, ಅಲ್ಯೂಮಿನಿಯಂ ಮಿಶ್ರಲೋಹದ್ದು 2.8 ಗ್ರಾಂ. ಜೆಕ್ ಕಂಪನಿ ಸಿಜೆಡ್‌ನ ಉಕ್ಕಿನ ಫ್ರೇಮಿನ 75 ಕಾಂಪ್ಯಾಕ್ಟ್ ಸುಮಾರು 920 ಗ್ರಾಂ ಇದ್ದರೆ, ಅದರದೇ ಬಳಗದ ಅಲ್ಯೂಮಿನಿಯಂ ಪಿ-01 ಸುಮಾರು 800 ಗ್ರಾಂ. .45ರ (ಸುಮಾರು 0.45 ಇಂಚು ದಪ್ಪದ ಗುಂಡಿನ) ಕಮಾಂಡರ್‌ನಲ್ಲಿ ಅಂತರ ಇನ್ನೂ ಹೆಚ್ಚು: ಉಕ್ಕಿನದು ಒಂದು ಕಿಲೋ ಆಸುಪಾಸು, ಅಲ್ಯೂಮಿನಿಯಂದು 750 ಗ್ರಾಂ. ಹತ್ತು ಹನ್ನೆರಡು ಗಂಟೆ ಸೊಂಟದ ಒಂದೇ ಕಡೆ ಜಗ್ಗುವ ಕಾಲು ಕಿಲೋ ಸಣ್ಣದಲ್ಲ. ಭಾರವೆಂದು ಮನೆಯಲ್ಲೇ ಬಿಟ್ಟು ಹೋದ ಪಿಸ್ತೂಲು ಎಷ್ಟು ಗಟ್ಟಿಯಾಗಿದ್ದರೂ ಏನು ಬಂತು?

ಹಗುರಾದರೆ ಗುಂಡು ಹಾರುವಾಗ ಕೈಗೆ ಬೀಳುವ ಒದೆತ ಹೆಚ್ಚು, ಅದು ನಿಜ. ಒಂದೇ ಬಗೆಯ ಗುಂಡಿಗೆ ಒದೆತದ ಶಕ್ತಿ ಪಿಸ್ತೂಲಿನ ತೂಕಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಆದರೆ ಲೆಕ್ಕ ಹಾಕುವಾಗ ತೋಟಾ ತುಂಬಿದ ತೂಕ ಹಿಡಿಯಬೇಕು. 9 ಮಿ.ಮೀ. ತೋಟಾ ಒಂದಕ್ಕೆ ಸುಮಾರು 12 ಗ್ರಾಂ. 14 ತುಂಬಿದರೆ 170 ಗ್ರಾಂ ಸೇರುತ್ತದೆ. ಆಗ ಮೇಲಿನ ಎರಡು ಸಿಜೆಡ್‌ಗಳ ನಡುವಿನ ಒದೆತದ ವ್ಯತ್ಯಾಸ ಬರೀ ಶೇ 12. ಒಳ್ಳೆಯ ಹಿಡಿತವಿದ್ದವರಿಗೆ ಇದು ತೊಂದರೆಯೇ ಅಲ್ಲ. .45ರ ಕಮಾಂಡರ್‌ನಲ್ಲಿ ಮಾತ್ರ, 8 ತೋಟಾ ತುಂಬಿದ ಮೇಲೂ, ವ್ಯತ್ಯಾಸ ಶೇ 27ರಷ್ಟು ಉಳಿಯುತ್ತದೆ. ಅದು ಕೈಗೆ ತಿಳಿಯುತ್ತದೆ, ಎರಡನೇ ಗುಂಡು ತಡವಾಗುತ್ತದೆ.

ಈಗ ಸವೆತಕ್ಕೆ ಬರೋಣ. ಉಕ್ಕಿಗೆ ಒಂದು ಮಿತಿಯಿದೆ; ಬೀಳುವ ಪೆಟ್ಟು ಅದಕ್ಕಿಂತ ಕಡಿಮೆ ಇದ್ದರೆ ಎಷ್ಟು ಸಲ ಬಿದ್ದರೂ ಬಿರುಕು ಬಿಡುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ, ಪ್ರತಿ ಗುಂಡೂ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ‘ಎಷ್ಟು ವರ್ಷ?’ ಎಂದಲ್ಲ, ‘ಎಷ್ಟು ಗುಂಡು?’ ಎಂದು. ತಿಂಗಳಿಗೆ 100 ಗುಂಡು ಹಾರಿಸಿದರೆ ಹತ್ತು ವರ್ಷಕ್ಕೆ 12,000. ಸ್ಪ್ರಿಂಗನ್ನು ಕಾಲಕಾಲಕ್ಕೆ ಬದಲಿಸಿದ ಒಳ್ಳೆಯ ಫ್ರೇಮಿಗೆ ಅದು ದೊಡ್ಡ ಸಂಖ್ಯೆಯಲ್ಲ. ವಾರಕ್ಕೆ 300 ಹಾರಿಸುವ ಸ್ಪರ್ಧಾಳು ಅಷ್ಟನ್ನು ಒಂದು ವರ್ಷದೊಳಗೇ ದಾಟುತ್ತಾರೆ. ಅವರು ಉಕ್ಕನ್ನೇ ಕೊಳ್ಳಲಿ.

ಕಮಾಂಡರ್‌ನಂಥ 1911 ಮಾದರಿಗಳಲ್ಲಿ (ಕೋಲ್ಟ್‌ನ ಹಳೆಯ ವಿನ್ಯಾಸವೊಂದರ ಹೆಸರು ಇದು) ಮೊದಲು ಕೆಡುವುದು ಫೀಡ್ ರ‍್ಯಾಂಪ್, ಅಂದರೆ ತೋಟಾ ಮ್ಯಾಗಜಿನ್‌ನಿಂದ ಬ್ಯಾರೆಲ್‌ಗೆ ಏರುವ ಇಳಿಜಾರು. ಆ ಮಾದರಿಯಲ್ಲಿ ಅದರ ಕೆಳಭಾಗ ಫ್ರೇಮಿನಲ್ಲೇ ಕೊರೆದಿರುತ್ತದೆ. ಅಲ್ಯೂಮಿನಿಯಂ ಮೇಲಿನ ಗಟ್ಟಿ ಆನೊಡೈಸ್ ಪದರದ (ವಿದ್ಯುತ್ತಿನಿಂದ ಮೂಡಿಸಿದ ಆಕ್ಸೈಡ್ ಪದರ) ದಪ್ಪ 25ರಿಂದ 50 ಮೈಕ್ರಾನ್ ಅಷ್ಟೇ. ಪದರ ಬಹಳ ಗಡಸು, ಅಡಿಯ ಲೋಹ ಮೆತು. ತುದಿಯಲ್ಲಿ ಟೊಳ್ಳಿರುವ ಹಾಲೋ ಪಾಯಿಂಟ್ ಗುಂಡಿನ ಬಾಯಂಚು ಮತ್ತೆ ಮತ್ತೆ ಬಡಿದು ಪದರ ಹರಿದರೆ ಅಲ್ಲೊಂದು ಗುಳಿ ಬೀಳುತ್ತದೆ, ಮುಂದಿನ ತೋಟಾ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲವು ಮ್ಯಾಗಜಿನ್‌ಗಳಲ್ಲಿ ತೋಟಾಗಳನ್ನು ಮೇಲಕ್ಕೆ ತಳ್ಳುವ ಲೋಹದ ತಟ್ಟೆ, ಅಂದರೆ ಫಾಲೋಯರ್, ಕೂಡ ಕೊನೆಯ ಗುಂಡಿನ ನಂತರ ಮುಂದಕ್ಕೆ ಜಾರಿ ಇದೇ ಜಾಗವನ್ನು ಕುಟ್ಟುತ್ತದೆ. ಫಾಲೋಯರ್ ಮುಂದಕ್ಕೆ ಜಾರದಂತೆ ಕೆಳಗೆ ಅಂಚು ಇಳಿಬಿಟ್ಟ ಮ್ಯಾಗಜಿನ್ ಬಳಸಬೇಕು. ‘ನುಣುಪು ಮಾಡಿಕೊಡುತ್ತೇನೆ’ ಎಂದು ಯಾರಾದರೂ ರ‍್ಯಾಂಪಿಗೆ ಗ್ರೈಂಡರ್ ಹಿಡಿಯಲು ಬಂದರೆ ಖಂಡಿತ ಬಿಡಬೇಡಿ. ಅವರು ಉಜ್ಜುವುದು ಆ ಗಡಸು ಪದರವನ್ನೇ. ಎಲ್ಲಕ್ಕಿಂತ ಒಳ್ಳೆಯದೆಂದರೆ ರ‍್ಯಾಂಪ್ ಬ್ಯಾರೆಲ್‌ಗೇ ಸೇರಿರುವ ಮಾದರಿಯನ್ನು ಕೊಳ್ಳುವುದು. ಸಿಜೆಡ್ ಮತ್ತು ಸಿಗ್ ಕಂಪನಿಯ ಪಿ226 ಹಾಗೆಯೇ ಇವೆ. ಈಗಿನ ಹಲವು 1911ಗಳೂ ಹಾಗೆ ಬರುತ್ತವೆ. ಅಲ್ಲಿ ಗುಂಡು ಉಕ್ಕಿಗೆ ತಾಗುವುದರಿಂದ ಈ ತೊಂದರೆ ಹುಟ್ಟುವುದೇ ಇಲ್ಲ.

ಎರಡನೆಯದು ರೀಕಾಯಿಲ್ ಸ್ಪ್ರಿಂಗ್, ಅಂದರೆ ಹಿಂದೆ ಬರುವ ಸ್ಲೈಡನ್ನು ತಡೆದು ಮುಂದಕ್ಕೆ ತಳ್ಳುವ ಸ್ಪ್ರಿಂಗ್. ಪೂರ್ಣ ಉದ್ದದ .45 ಗವರ್ನಮೆಂಟ್ ಮಾದರಿಗೆ 16 ಪೌಂಡಿನದು, ಕಮಾಂಡರ್‌ಗೆ 18 ಪೌಂಡಿನದು ವಾಡಿಕೆ. ಸ್ಪ್ರಿಂಗ್ ಸೋತರೆ ಸ್ಲೈಡ್ ಪೂರ್ಣ ವೇಗದಲ್ಲಿ ಹಿಂದೆ ಬಂದು ಫ್ರೇಮಿಗೆ ಗುದ್ದುತ್ತದೆ. ಅಲ್ಯೂಮಿನಿಯಂ ಫ್ರೇಮ್ ಒಡೆಯುವುದು ಬಹುಪಾಲು ಈ ಗುದ್ದಿನಿಂದಲೇ. ಹಾಗೆಂದು ತೀರಾ ಬಿಗಿ ಸ್ಪ್ರಿಂಗ್ ಹಾಕಿದರೆ ಸ್ಲೈಡ್ ಮುಂದಕ್ಕೆ ಹೋಗುವಾಗ ಬಡಿಯುತ್ತದೆ, ಖಾಲಿ ತೋಟಾ ಸರಿಯಾಗಿ ಹೊರಬೀಳುವುದಿಲ್ಲ. 2,000ದಿಂದ 3,000 ಗುಂಡಿಗೊಮ್ಮೆ ಬದಲಿಸುವುದು ಕ್ಷೇಮ. ಹೊಸದನ್ನು ಪಕ್ಕಕ್ಕಿಟ್ಟು ನೋಡಿ. ಹಳೆಯದು ಎರಡು ಸುತ್ತಿನಷ್ಟು ಗಿಡ್ಡವಾಗಿದ್ದರೆ ಕಾಯುವುದೇ ಬೇಡ. ಕೆಲವೇ ಡಾಲರಿನ ಈ ತಂತಿ ಇಡೀ ಫ್ರೇಮನ್ನು ಉಳಿಸುತ್ತದೆ.

ಸ್ಲೈಡ್ ಜಾರುವ ಹಳಿಗಳ ಮೇಲೆ ಮೊದಲ ಕೆಲವು ನೂರು ಗುಂಡಿನಲ್ಲೇ ಬೆಳ್ಳಗೆ ಹೊಳೆಯುವ ಗೆರೆ ಕಂಡರೆ ಹೆದರಬೇಕಿಲ್ಲ. ಎತ್ತರದ ಬಿಂದುಗಳು ಹೊಂದಿಕೊಳ್ಳುತ್ತಿವೆ ಎಂದಷ್ಟೇ ಅರ್ಥ. ಆ ಗೆರೆ ಉಗುರಿಗೆ ತಡೆಯುವಷ್ಟು ಆಳವಾದರೆ, ಎಣ್ಣೆಯಲ್ಲಿ ಬೂದು ಪುಡಿ ಬರುತ್ತಲೇ ಇದ್ದರೆ ಆಗ ಯೋಚಿಸಬೇಕು. ಅಲ್ಯೂಮಿನಿಯಂ ಹಳಿಗೆ ತೆಳು ಎಣ್ಣೆಗಿಂತ ಗ್ರೀಸ್ ಮೇಲು. ಹಿಡಿಯ ಸ್ಕ್ರೂಗಳನ್ನು ಬಲವಾಗಿ ತಿರುಗಿಸಬೇಡಿ; ಬಿಚ್ಚುವಾಗ ಸ್ಕ್ರೂ ಕೂರುವ ಉಕ್ಕಿನ ಬುಶಿಂಗ್ ಜೊತೆಗೇ ಕಿತ್ತು ಬಂದು ಫ್ರೇಮಿನ ತಿರುಪು ಗೆರೆ (ಥ್ರೆಡ್) ಹಾಳಾಗುತ್ತದೆ. ಅಮೋನಿಯಾ ಇರುವ ತಾಮ್ರ ತೆಗೆಯುವ ದ್ರಾವಣ, ಕಾಸ್ಟಿಕ್ ಸೋಡಾದಂಥ ಕ್ಷಾರದ ಡಿಗ್ರೀಸರ್ ಎರಡೂ ಆನೊಡೈಸ್ ಪದರಕ್ಕೆ ಶತ್ರು.

ಉಕ್ಕಿಗೂ ತನ್ನದೇ ಕಾಟವಿದೆ. ಹ್ಯೂಸ್ಟನ್ನಿನ ಆರ್ದ್ರ ಬೇಸಿಗೆಯಲ್ಲಿ ಮೈಗೆ ಒತ್ತಿಕೊಂಡ ಬ್ಲೂಯಿಂಗ್ (ಕಪ್ಪುನೀಲಿ ಪದರ) ಮಾಡಿದ ಉಕ್ಕು ಬೆವರಿಗೆ ಬೇಗ ತುಕ್ಕು ಹಿಡಿಯುತ್ತದೆ. ದಿನವೂ ಎಣ್ಣೆ ಬಟ್ಟೆಯಲ್ಲಿ ಒರೆಸಬೇಕು. ಸ್ಟೇನ್‌ಲೆಸ್ ಆದರೆ ಒರೆಸುವ ಕೆಲಸ ಕಡಿಮೆ, ತೂಕ ಮಾತ್ರ ಅಷ್ಟೇ. ಒಂದೇ ಪಿಸ್ತೂಲು ಸ್ಪರ್ಧೆಗೂ ಸೊಂಟಕ್ಕೂ ಬೇಕೆನ್ನುವವರು, .45ರ ಒದೆತಕ್ಕೆ ಹೆದರುವವರು ಆ ಭಾರವನ್ನು ಒಪ್ಪಿಕೊಂಡು, ಒಂದೂವರೆ ಇಂಚು ಅಗಲದ ಗಡುಸು ಬೆಲ್ಟ್ ಕಟ್ಟಲಿ. ಉಳಿದವರಿಗೆ 9 ಮಿ.ಮೀ.ನ ಅಲ್ಯೂಮಿನಿಯಂ ಫ್ರೇಮೇ ಸರಿಯಾದ ಆಯ್ಕೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಲೇಖನ ಬಿಟ್ಟುಬಿಟ್ಟ ಒಂದು ಮುಖ್ಯ ವಿಷಯವನ್ನೂ ಓದುಗರಿಗೆ ತಿಳಿಸಬೇಕು. ಎಚ್-1ಬಿ ಸೇರಿದಂತೆ ವಲಸೆಯೇತರ ವೀಸಾದಲ್ಲಿರುವವರು ಪಿಸ್ತೂಲು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಟೆಕ್ಸಾಸ್ 2021ರಲ್ಲಿ ಪರವಾನಗಿಯಿಲ್ಲದೆ ಪಿಸ್ತೂಲು ಒಯ್ಯಲು ಬಿಟ್ಟಿದ್ದರಿಂದ ಈ ನಿಷೇಧ ಬದಲಾಗಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಇದು ಅನ್ವಯಿಸುವುದಿಲ್ಲ. ಊರಿನಲ್ಲಿ, ಅಂದರೆ ಭಾರತದಲ್ಲಿ, ಲೈಸೆನ್ಸ್ ಪಡೆದವರಿಗಂತೂ 9 ಮಿ.ಮೀ. ಮತ್ತು .45 ಎರಡೂ ನಿಷೇಧಿತ ಬೋರ್‌ಗಳು (ಗುಂಡಿನ ಗಾತ್ರಗಳು). ಅವರಿಗೆ ಸಿಗುವ .32ರ ಒದೆತ ತೀರಾ ಕಡಿಮೆ. ಆದ್ದರಿಂದ ಅಲ್ಲಿ ಫ್ರೇಮಿನ ಲೋಹಕ್ಕಿಂತ ಮ್ಯಾಗಜಿನ್ ಮತ್ತು ಸ್ಪ್ರಿಂಗಿನ ಸ್ಥಿತಿಯನ್ನು ಮೊದಲು ನೋಡುವುದು ಒಳ್ಳೆಯದು.

ಇಬ್ಬರು ಓದುಗರು,
ಹ್ಯೂಸ್ಟನ್, ಟೆಕ್ಸಾಸ್